ದ್ವಿಚಕ್ರ ವಾಹನದ ಬೆಲ್ಟು: ಉದ್ದೇಶ, ಲಕ್ಷಣ, ಪರೀಕ್ಷೆ

ಯಾವುದೊಂದು ಪದಾರ್ಥವನ್ನು ಸರಿಯಾಗಿ ತಿಳಿಯಬೇಕಾದರೆ ಮೂರು ಮೆಟ್ಟಿಲುಗಳನ್ನು ಏರಬೇಕೆಂದು ನಮ್ಮ ನ್ಯಾಯಶಾಸ್ತ್ರಜ್ಞರು ವಿಧಿಸಿದ್ದಾರೆ. ವಸ್ತುವನ್ನು ಹೆಸರಿನಿಂದ ನಿರ್ದೇಶಿಸುವುದು ಉದ್ದೇಶ. ಅದನ್ನು ಇತರ ವಸ್ತುಗಳಿಂದ ಬೇರ್ಪಡಿಸುವ ಧರ್ಮವನ್ನು ಹೇಳುವುದು ಲಕ್ಷಣ. ಹೇಳಿದ ಲಕ್ಷಣ ಅದಕ್ಕೆ ಒಪ್ಪುವುದೋ ಇಲ್ಲವೋ ಎಂದು ವಿಚಾರಿಸಿ ನಿರ್ಣಯಿಸುವುದು ಪರೀಕ್ಷೆ. ಈ ಕ್ರಮವನ್ನು ಪಾಠಶಾಲೆಯಲ್ಲಿ ಕಲಿತವರು ಅದನ್ನು ಗ್ರಂಥಗಳಿಗೆ ಮಾತ್ರ ಮೀಸಲೆಂದು ಭಾವಿಸಬೇಕಾಗಿಲ್ಲ. ದಿನನಿತ್ಯ ನಮ್ಮನ್ನು ಹೊತ್ತು ತಿರುಗುವ ಯಂತ್ರಗಳ ವಿಷಯದಲ್ಲಿಯೂ ಅದು ಅಷ್ಟೇ ಉಪಯುಕ್ತವಾದುದು. ಇದನ್ನು ತೋರಿಸುವುದಕ್ಕಾಗಿ ಪ್ರಕೃತ ಲೇಖನದಲ್ಲಿ ದ್ವಿಚಕ್ರ ವಾಹನದ ಬೆಲ್ಟನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ.

ಕನ್ನಡ ಪಂಡಿತನಿಗೂ ಬೆಲ್ಟಿಗೂ ಏನು ಸಂಬಂಧವೆಂದು ಕೇಳುವವರುಂಟು. ಇಂದು ಶಾಲೆಗಳ ಅಂಗಳದಲ್ಲಿ ನಿಲ್ಲುವ ವಾಹನಗಳಲ್ಲಿ ಗೇರಿಲ್ಲದ ಸ್ಕೂಟರುಗಳ ಸಂಖ್ಯೆ ಕಡಿಮೆಯಿಲ್ಲ. ಅಧ್ಯಾಪಕಿಯರು ಹತ್ತಿಪ್ಪತ್ತು ಕಿಲೋಮೀಟರು ದೂರದ ಊರುಗಳಿಂದ ಅವುಗಳ ಮೇಲೆಯೇ ಬಂದು ಹೋಗುತ್ತಾರೆ. ತಾಯಂದಿರು ಮಕ್ಕಳನ್ನು ಕೂರಿಸಿಕೊಂಡು ಬರುತ್ತಾರೆ. ಸಂಜೆಗತ್ತಲೆಯಲ್ಲಿ, ಊರಿಗೂ ಊರಿಗೂ ನಡುವಣ ನಿರ್ಜನವಾದ ದಾರಿಯಲ್ಲಿ ಬೆಲ್ಟು ಹರಿದರೆ ವಾಹನ ಅಲ್ಲಿಯೇ ನಿಲ್ಲುತ್ತದೆ. ರಸ್ತೆಬದಿಯ ಯಾವ ಉಪಾಯದಿಂದಲೂ ಅದು ಚಲಿಸುವುದಿಲ್ಲ. ಆದುದರಿಂದ ಇದು ಎಲ್ಲರೂ ತಿಳಿಯತಕ್ಕ ವಿಷಯ.

ಉದ್ದೇಶ

ಮೊದಲು ಹೆಸರನ್ನು ವಿಚಾರಿಸೋಣ. ಒಂದು ಚಕ್ರದ ತಿರುಗುವಿಕೆಯನ್ನು ದೂರದಲ್ಲಿರುವ ಇನ್ನೊಂದು ಚಕ್ರಕ್ಕೆ ಮುಟ್ಟಿಸುವ ಸುತ್ತುಪಟ್ಟಿಯೇ ಬೆಲ್ಟು. ವಸ್ತು ನಮಗೆ ಹೊಸದಲ್ಲ. ನೂಲುವ ರಾಟೆಯ ದೊಡ್ಡ ಚಕ್ರದಿಂದ ಕದಿರಿಗೆ ಹೋಗುವ ದಾರ ಇದೇ ಕೆಲಸವನ್ನು ಮಾಡುತ್ತದೆ. ಹಿಟ್ಟಿನ ಗಿರಣಿಯಲ್ಲಿ ಮೋಟಾರಿನಿಂದ ಕಲ್ಲಿಗೆ ಓಡುವ ಪಟ್ಟಾ ಇದರ ಅಣ್ಣ. ಚಾಲಕಪಟ್ಟಿ ಎಂದು ಕರೆಯಬಹುದಾದರೂ ಗ್ಯಾರೇಜಿನಲ್ಲಿಯೂ ಮನೆಯಲ್ಲಿಯೂ ಬೆಲ್ಟು ಎಂಬ ಮಾತೇ ರೂಢಿಯಾಗಿರುವುದರಿಂದ ನಾನೂ ಅದನ್ನೇ ಬಳಸುತ್ತೇನೆ. ರೂಢಿ ಬಲವಾಗಿರುವಲ್ಲಿ ಹೊಸ ಪದವನ್ನು ಹೇರುವುದು ಅರ್ಥಕ್ಕೆ ತೊಡಕು.

ಮೋಟಾರು ಸೈಕಲ್ಲಿನ ಇತಿಹಾಸದಲ್ಲಿ ಬೆಲ್ಟು ಬಂದು, ಹೋಗಿ, ಪುನಃ ಬಂದ ವಸ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅನೇಕ ಮೋಟಾರು ಸೈಕಲ್ಲುಗಳ ಹಿಂದಿನ ಚಕ್ರವನ್ನು ತಿರುಗಿಸುತ್ತಿದ್ದುದು ತೊಗಲಿನ ಬೆಲ್ಟು. ಮಳೆ ಬಂದರೆ ಅದು ಜಾರುತ್ತಿತ್ತು; ಹಿಗ್ಗಿದರೆ ಸಡಿಲವಾಗುತ್ತಿತ್ತು. ಬ್ರಿಟನ್ನಿನ ಸಮೀಪದ ಮ್ಯಾನ್ ದ್ವೀಪದಲ್ಲಿ 1907ರಲ್ಲಿ ಆರಂಭವಾದ ಪ್ರಸಿದ್ಧ ಪಂದ್ಯದ ಮೊದಲ ವರ್ಷಗಳಲ್ಲಿ ಬೆಲ್ಟಿನ ವಾಹನಗಳೇ ಪ್ರಮುಖವಾಗಿದ್ದುವು. 1911ರಲ್ಲಿ ಆ ಪಂದ್ಯವನ್ನು ಕಡಿದಾದ ಬೆಟ್ಟದ ಮಾರ್ಗಕ್ಕೆ ಬದಲಾಯಿಸಿದಾಗ ಹಿರಿಯ ವಿಭಾಗದ ಮೊದಲ ಮೂರು ಸ್ಥಾನಗಳನ್ನೂ ಚೈನಿನಿಂದ ಓಡುವ 'ಇಂಡಿಯನ್' ವಾಹನಗಳು ಗೆದ್ದುವು. ಹೆಸರು ಇಂಡಿಯನ್ ಆದರೂ ಅವು ಅಮೆರಿಕದ ವಾಹನಗಳೆಂಬುದನ್ನು ಇಲ್ಲಿ ಸ್ಮರಿಸಬೇಕು. ಏರುದಾರಿಯಲ್ಲಿ ಜಾರದ ಚೈನಿಗೆ ಮುಂದೆ ಎಲ್ಲೆಡೆ ಮನ್ನಣೆ ದೊರೆಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ದಿ ವಾಹನಗಳನ್ನು ಬಲ್ಲ ಹಿರಿಯ ವಿದ್ಯಾರ್ಥಿಗಳಿಗೆ ತಗಡಿನ ಹೊದಿಕೆಯೊಳಗೆ ಓಡುತ್ತಿದ್ದ ಆ ಚೈನು ಪರಿಚಿತವಾದುದೇ.

ಬೆಲ್ಟು ಪುನಃ ಬಂದುದು ಎರಡು ದಾರಿಗಳಿಂದ. ಒಂದು, ಹಲ್ಲಿರುವ ಬೆಲ್ಟು. ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಸಂಸ್ಥೆಯು 1980ರಲ್ಲಿ ತನ್ನ 'ಸ್ಟರ್ಜಿಸ್' ಮಾದರಿಯಲ್ಲಿ ಇದನ್ನು ಅಳವಡಿಸಿತು. ಇಂತಹ ಬೆಲ್ಟಿನ ಒಡಲಿಗೆ ಉಕ್ಕಿನಂತಹ ಬಿಗಿಯನ್ನು ಕೊಡುವ ಎಳೆಗಳ ಪೈಕಿ ಕೆವ್ಲಾರ್ ಮುಖ್ಯವಾದುದು. ಅದನ್ನು 1965ರಲ್ಲಿ ಕಂಡುಹಿಡಿದವರು ಸ್ಟೆಫನಿ ಕ್ವೋಲೆಕ್ ಎಂಬ ರಸಾಯನಶಾಸ್ತ್ರಜ್ಞೆ. ಎರಡನೆಯದು ಹಲ್ಲಿನ ಹಿಡಿತವನ್ನು ನೆಚ್ಚದ, ಓರೆಬದಿಯ ರಬ್ಬರ್ ಬೆಲ್ಟು. ಗೇರಿನ ಬದಲು ಬೆಲ್ಟಿನಿಂದಲೇ ವೇಗವನ್ನು ಹೊಂದಿಸುವ ಏರ್ಪಾಟನ್ನು ಹಾಲೆಂಡಿನ ಡಾಫ್ ಸಂಸ್ಥೆ 1958ರಲ್ಲಿ ತನ್ನ ಪುಟ್ಟ ಕಾರಿನಲ್ಲಿ ತೋರಿಸಿತು. ನಮ್ಮ ದೇಶದಲ್ಲಿ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಇಂತಹ ಏರ್ಪಾಟನ್ನು ಜನಸಾಮಾನ್ಯರಿಗೆ ಪರಿಚಯಿಸಿತು. ಇಂದು ಮೈಸೂರಿನ ಟಿವಿಎಸ್ ಕಾರ್ಖಾನೆಯಲ್ಲಿಯೂ, ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಲ್ಲಿ ಆರಂಭವಾದ ಹೋಂಡಾ ಕಾರ್ಖಾನೆಯಲ್ಲಿಯೂ ದ್ವಿಚಕ್ರ ವಾಹನಗಳು ತಯಾರಾಗುತ್ತವೆ. ಹೀಗಾಗಿ ಬೆಲ್ಟು ನಮ್ಮ ನಾಡಿನ ಕೈಗಾರಿಕೆಗೂ ಸೇರಿದ ವಸ್ತು. ಮುಂದಿನ ವಿವರಣೆ ಮುಖ್ಯವಾಗಿ ಸ್ಕೂಟರಿನ ಓರೆಬದಿಯ ಬೆಲ್ಟನ್ನು ಕುರಿತದ್ದು.

ಲಕ್ಷಣ

ಸ್ಕೂಟರಿನ ಎಡಗಡೆಯ ಉದ್ದನೆಯ ಪೆಟ್ಟಿಗೆಯೊಳಗೆ ಎರಡು ಪುಲ್ಲಿಗಳಿವೆ. ಮುಂದಿನದು ಎಂಜಿನಿನ ದಂಡಕ್ಕೆ ಸೇರಿದುದು. ಹಿಂದಿನದು ಕ್ಲಚ್ಚಿನ ಮೂಲಕ ಹಿಂದಿನ ಚಕ್ರಕ್ಕೆ ಸೇರಿದುದು. ಪ್ರತಿಯೊಂದು ಪುಲ್ಲಿಯೂ ಎದುರುಬದುರಾಗಿ ಇಟ್ಟ ಎರಡು ಇಳಿಜಾರು ತಟ್ಟೆಗಳಂತಿದೆ. ಮುಂದಿನ ಪುಲ್ಲಿಯ ಒಂದು ತಟ್ಟೆಯ ಹಿಂದೆ ಗುಂಡನೆಯ ರೋಲರುಗಳಿವೆ. ಈ ಭಾಗವನ್ನು ವೇರಿಯೇಟರ್ ಎನ್ನುತ್ತಾರೆ. ಎಂಜಿನಿನ ವೇಗ ಹೆಚ್ಚಿದಂತೆ ರೋಲರುಗಳು ಹೊರಕ್ಕೆ ಸರಿದು ತಟ್ಟೆಯನ್ನು ಒತ್ತುತ್ತವೆ. ತಟ್ಟೆಗಳ ನಡುವಣ ಸಂದು ಕಿರಿದಾಗಿ ಬೆಲ್ಟು ಅಂಚಿನತ್ತ ಏರುತ್ತದೆ. ಬೆಲ್ಟಿನ ಉದ್ದ ಬದಲಾಗದುದರಿಂದ ಹಿಂದಿನ ಪುಲ್ಲಿಯಲ್ಲಿ ಅದು ಸ್ಪ್ರಿಂಗಿನ ಒತ್ತಡವನ್ನು ಮೀರಿ ಒಳಕ್ಕೆ ಇಳಿಯುತ್ತದೆ. ಹೀಗೆ ಮುಂದೆ ಏರಿ ಹಿಂದೆ ಇಳಿಯುವುದರಿಂದಲೇ ವಾಹನ ಗೇರಿಲ್ಲದೆ ವೇಗವನ್ನು ಪಡೆಯುತ್ತದೆ.

ಈ ಬೆಲ್ಟಿನ ಅಸಾಧಾರಣ ಧರ್ಮ ಯಾವುದು? ಗಿರಣಿಯ ಚಪ್ಪಟೆ ಪಟ್ಟಾ ತನ್ನ ಒಳಮೈಯಿಂದ ಹಿಡಿಯುತ್ತದೆ. ಸ್ಕೂಟರಿನ ಬೆಲ್ಟು ತನ್ನ ಎರಡು ಬದಿಗಳಿಂದ ಹಿಡಿಯುತ್ತದೆ. ಮರಕ್ಕೆ ಬಡಿದ ಬೆಣೆಯಂತೆ ಅದು ತೋಡಿನಲ್ಲಿ ಕಚ್ಚಿಕೊಳ್ಳುತ್ತದೆ. ತೋಡಿನ ಗೋಡೆಗಳ ನಡುವಣ ಕೋನ 30 ಡಿಗ್ರಿ ಎಂದಿಟ್ಟುಕೊಂಡರೆ ಅರ್ಧಕೋನ 15 ಡಿಗ್ರಿ. ಅದರ ಸೈನು ಸುಮಾರು 0.259. ಒಂದನ್ನು ಇದರಿಂದ ಭಾಗಿಸಿದರೆ ಸುಮಾರು 3.86 ಬರುತ್ತದೆ. ಎಂದರೆ ಅಷ್ಟೇ ಸೆಳೆತಕ್ಕೆ ಚಪ್ಪಟೆ ಪಟ್ಟಾಗಿಂತ ಸುಮಾರು ನಾಲ್ಕು ಪಟ್ಟು ಒತ್ತು ಬದಿಗಳಲ್ಲಿ ಉಂಟಾಗುತ್ತದೆ. ಇದು ಅದರ ಗುಣ.

ಗುಣವಿದ್ದಲ್ಲಿಯೇ ದೋಷದ ಬೀಜವೂ ಇದೆ. ಬದಿಗಳಿಂದ ಹಿಡಿಯುವುದರಿಂದ ಸವೆತವೂ ಬದಿಗಳಲ್ಲಿಯೇ. ಬೆಲ್ಟಿನ ಅಗಲ 1 ಮಿಲಿಮೀಟರು ಸವೆದಿದೆ ಎಂದು ಭಾವಿಸೋಣ. ಪ್ರತಿ ಬದಿಗೆ ಅರ್ಧ ಮಿಲಿಮೀಟರು. 15 ಡಿಗ್ರಿಯ ಟ್ಯಾಂಜೆಂಟು 0.268. ಅರ್ಧವನ್ನು ಇದರಿಂದ ಭಾಗಿಸಿದರೆ ಸುಮಾರು 1.87. ಕಣ್ಣಿಗೆ ಕಾಣದ 1 ಮಿಲಿಮೀಟರು ಸವೆತದಿಂದ ಬೆಲ್ಟು ತೋಡಿನಲ್ಲಿ ಸುಮಾರು 1.9 ಮಿಲಿಮೀಟರು ಕೆಳಗೆ ಕೂರುತ್ತದೆ. ಮುಂದಿನ ಪುಲ್ಲಿಯ ಅಂಚನ್ನು ಅದು ಇನ್ನು ಮುಟ್ಟಲಾರದು. ವಾಹನ ಮೊದಲಿನ ವೇಗವನ್ನು ಪಡೆಯಲಾರದು. ಗಣಿತದ ಅಧ್ಯಾಪಕರಿಗೆ ತ್ರಿಕೋನಮಿತಿಯನ್ನು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ದುರ್ಲಭ.

ಚೈನಿಗೂ ಬೆಲ್ಟಿಗೂ ಇರುವ ಮುಖ್ಯ ವ್ಯತ್ಯಾಸವೊಂದನ್ನು ಇಲ್ಲಿಯೇ ಹೇಳಬೇಕು. ಸಡಿಲವಾದ ಚೈನು ಸದ್ದು ಮಾಡಿ ತನ್ನ ಅವಸ್ಥೆಯನ್ನು ಸಾರುತ್ತದೆ. ಅದನ್ನು ಬಿಗಿಮಾಡಬಹುದು, ಎಣ್ಣೆ ಹಾಕಬಹುದು, ಕಡಿದ ಕೊಂಡಿಯನ್ನು ಬದಲಾಯಿಸಬಹುದು. ಸ್ಕೂಟರಿನ ಬೆಲ್ಟು ಮುಚ್ಚಿದ ಪೆಟ್ಟಿಗೆಯೊಳಗೆ ಮೌನವಾಗಿ ಸವೆಯುತ್ತದೆ. ಅದಕ್ಕೆ ಕೊಂಡಿಯಿಲ್ಲ, ಬಿಗಿಮಾಡುವ ತಿರುಪಿಲ್ಲ, ಎಣ್ಣೆಯಂತೂ ಅದರ ಶತ್ರು. ಹರಿದ ಬೆಲ್ಟನ್ನು ಜೋಡಿಸುವ ಉಪಾಯವೇ ಇಲ್ಲ. ಆದಕಾರಣ ಹರಿಯುವುದಕ್ಕೆ ಮುಂಚೆ ಅಳೆದು ತೆಗೆಯುವುದೊಂದೇ ಮಾರ್ಗ.

ಪರೀಕ್ಷೆ

ಪರೀಕ್ಷೆಗೆ ಮೂರು ಸಾಧನಗಳು: ಲೆಕ್ಕ, ಲಕ್ಷ್ಯ, ಅಳತೆ.

ಲೆಕ್ಕವೆಂದರೆ ಓಡಿದ ಕಿಲೋಮೀಟರು. ಹಲವು ಮಾದರಿಗಳಿಗೆ ಸುಮಾರು 20,000ದಿಂದ 25,000 ಕಿಲೋಮೀಟರಿನೊಳಗೆ ಬೆಲ್ಟನ್ನು ಬದಲಾಯಿಸಬೇಕೆಂದು ವಿಧಿಯಿದೆ. ಖಚಿತವಾದ ಅಂಕಿ ಆಯಾ ವಾಹನದ ಕೈಪಿಡಿಯಲ್ಲಿರುತ್ತದೆ, ಅದೇ ಪ್ರಮಾಣ. ದಿನಕ್ಕೆ 40 ಕಿಲೋಮೀಟರು ಓಡಾಡುವ ಅಧ್ಯಾಪಕರೊಬ್ಬರು ವರ್ಷದ 250 ದಿನಗಳಲ್ಲಿ 10,000 ಕಿಲೋಮೀಟರು ಮುಗಿಸುತ್ತಾರೆ. ಅವರ ಬೆಲ್ಟಿಗೆ ಎರಡು ವರ್ಷ ತುಂಬುವಾಗಲೇ ವಿಚಾರಣೆಯ ಕಾಲ ಬಂದಿರುತ್ತದೆ.

ಲಕ್ಷ್ಯವೆಂದರೆ ಸವಾರಿಯಲ್ಲಿ ತೋರುವ ಚಿಹ್ನೆಗಳನ್ನು ಗಮನಿಸುವುದು. ಹೊರಡುವಾಗ ವಾಹನ ನಡುಗುವುದು, ಕಿರಗುಟ್ಟುವ ಸದ್ದು, ಏರಿನಲ್ಲಿ ಎಂಜಿನು ಕೂಗಿದರೂ ವಾಹನ ಮುಂದೆ ಸಾಗದಿರುವುದು, ಮೊದಲು ಸುಲಭವಾಗಿ ಸಿಗುತ್ತಿದ್ದ ವೇಗ ಸಿಗದಿರುವುದು ಇವು ಮುಖ್ಯವಾದುವು. ಆದರೆ ಧೂಮವನ್ನು ಕಂಡು ಅಗ್ನಿಯನ್ನು ಊಹಿಸುವಾಗಲೂ ಅದು ಧೂಮವೋ ಮಂಜೋ ಎಂದು ನೋಡಬೇಕಷ್ಟೆ. ನಡುಕಕ್ಕೆ ಕ್ಲಚ್ಚಿನ ದೋಷವೂ ಕಾರಣವಾಗಬಹುದು. ವೇಗ ಕುಂದುವುದಕ್ಕೆ ಸವೆದ ರೋಲರೂ ಕಾರಣವಾಗಬಹುದು. ಚಿಹ್ನೆಯಿಂದ ಸಂಶಯ ಹುಟ್ಟಬೇಕೇ ಹೊರತು ನಿರ್ಣಯವಲ್ಲ.

ನಿರ್ಣಯಕ್ಕೆ ಅಳತೆ ಬೇಕು. ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ವರ್ನಿಯರ್ ಕ್ಯಾಲಿಪರಿನಿಂದ ಬೆಲ್ಟಿನ ಹೊರಮೈಯ ಅಗಲವನ್ನು ಮೂರು ನಾಲ್ಕು ಕಡೆ ಅಳೆಯಬೇಕು. ಕೈಪಿಡಿ ಹೇಳುವ ಕನಿಷ್ಠ ಅಗಲಕ್ಕಿಂತ ಎಲ್ಲಿಯೇ ಕಡಿಮೆಯಾಗಿದ್ದರೂ ಬೆಲ್ಟು ತ್ಯಾಜ್ಯ. ಅಗಲ ಸರಿಯಿದ್ದರೂ ಒಳಮೈಯ ಹಲ್ಲುಗಳ ಬುಡದಲ್ಲಿ ಬಿರುಕು, ಅಂಚಿನಲ್ಲಿ ನೂಲು ಎದ್ದಿರುವುದು, ಬದಿಗಳು ಗಾಜಿನಂತೆ ಹೊಳೆಯುವುದು, ಎಣ್ಣೆಯಿಂದ ನೆಂದಿರುವುದು ಇವುಗಳಲ್ಲಿ ಒಂದು ಕಂಡರೂ ಅದನ್ನು ಉಳಿಸಿಕೊಳ್ಳಬಾರದು.

ಪರಿವರ್ತನೆಯ ವಿಧಾನ

ನಮ್ಮ ಪಟ್ಟಣದ ಮೆಕ್ಯಾನಿಕರೊಬ್ಬರ ಪಕ್ಕದಲ್ಲಿ ಕುಳಿತು ಈ ಕೆಲಸವನ್ನು ಅನೇಕ ಸಲ ನೋಡಿದ್ದೇನೆ. ಅವರ ಕೈಯ ಕ್ರಮದಲ್ಲಿ ಒಂದು ಶಾಸ್ತ್ರವಿದೆ. ಅದನ್ನು ಸಂಗ್ರಹವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಎಂಜಿನು ತಣ್ಣಗಾಗಿರಬೇಕು. ಸಮನಾದ ನೆಲದಲ್ಲಿ ವಾಹನವನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬೀಗದ ಕೈ ತೆಗೆದು, ಪ್ಲಗ್ಗಿನ ಟೋಪಿಯನ್ನು ಕಳಚಬೇಕು. ಆಗ ಎಂಜಿನು ಅಕಸ್ಮಾತ್ತಾಗಿ ಚಾಲೂ ಆಗುವ ಭಯವಿಲ್ಲ.

ಎರಡನೆಯದಾಗಿ, ಎಡಗಡೆಯ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಬೇಕು. ಅವುಗಳ ಉದ್ದ ಒಂದೇ ಸಮನಾಗಿರುವುದಿಲ್ಲ. ರಟ್ಟಿನ ಮೇಲೆ ಮುಚ್ಚಳದ ಆಕಾರವನ್ನು ಬರೆದು ಆಯಾ ಸ್ಥಾನದಲ್ಲಿ ಚುಚ್ಚಿಟ್ಟರೆ ಮರಳಿ ಹಾಕುವಾಗ ತಪ್ಪಾಗುವುದಿಲ್ಲ. ಒಳಗಿನ ಕರಿಯ ಧೂಳನ್ನು ಬಾಯಿಂದ ಊದಬಾರದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಬೇಕು.

ಮೂರನೆಯದಾಗಿ, ಮುಂದಿನ ಪುಲ್ಲಿಯನ್ನು ಅದಕ್ಕೆಂದೇ ಇರುವ ಹಿಡಿಕೆಯಿಂದ ಹಿಡಿದು ನಟ್ಟನ್ನು ಸಡಿಲಿಸಬೇಕು. ಪುಲ್ಲಿಯ ಹೊರತಟ್ಟೆಯ ಮೇಲಿರುವ ರೆಕ್ಕೆಗಳು ಗಾಳಿ ಬೀಸಿ ಬೆಲ್ಟನ್ನು ತಣಿಸುವುದಕ್ಕಾಗಿ ಇರುವಂಥವು. ಅವುಗಳ ನಡುವೆ ಸ್ಕ್ರೂಡ್ರೈವರ್ ತುರುಕಿ ತಡೆಯುವುದು ಅವಿವೇಕ. ರೆಕ್ಕೆ ಮುರಿದರೆ ಹೊಸ ಬೆಲ್ಟಿಗೆ ಗಾಳಿ ಕೊರತೆಯಾಗುತ್ತದೆ. ತಟ್ಟೆ ಹೊರಬಂದ ಮೇಲೆ ಬೆಲ್ಟನ್ನು ಕಳಚಬಹುದು. ಕೆಲವು ಮಾದರಿಗಳಲ್ಲಿ ಹಿಂದಿನ ಕ್ಲಚ್ಚಿನ ಭಾಗವನ್ನೂ ಹೊರತೆಗೆಯಬೇಕಾಗುತ್ತದೆ. ಆದರೆ ಕ್ಲಚ್ಚಿನೊಳಗಿನ ಸ್ಪ್ರಿಂಗನ್ನು ತಕ್ಕ ಸಲಕರಣೆಯಿಲ್ಲದೆ ಬಿಚ್ಚಬಾರದು. ಅದುಮಿಟ್ಟ ಸ್ಪ್ರಿಂಗು ಚಿಮ್ಮಿದರೆ ಗಾಯವಾಗುತ್ತದೆ.

ನಾಲ್ಕನೆಯದು ಈ ಲೇಖನದ ಸಾರ. ಹಳೆಯ ಬೆಲ್ಟು ಕೈಗೆ ಬಂದೊಡನೆ ಹೊಸದನ್ನು ಏರಿಸಬಾರದು. ಹಳೆಯದು ಏಕೆ ಹಾಳಾಯಿತೆಂದು ಕೇಳಬೇಕು. ರೋಲರುಗಳ ಗುಂಡುಮೈ ಚಪ್ಪಟೆಯಾಗಿದೆಯೇ? ತಟ್ಟೆಗಳ ಮೇಲೆ ಗೀರು, ಪಳ್ಳ ಬಿದ್ದಿದೆಯೇ? ಎಂಜಿನಿನ ಅಥವಾ ಹಿಂದಿನ ಗೇರುಪೆಟ್ಟಿಗೆಯ ಸೀಲಿನಿಂದ ಎಣ್ಣೆ ಸೋರಿದೆಯೇ? ಗಾಳಿಯ ದಾರಿಯಲ್ಲಿ ಧೂಳು ಕಟ್ಟಿಕೊಂಡಿದೆಯೇ? ಗಾಳಿ ಸಾಲದೆ ಕಾದ ರಬ್ಬರು ಗಡುಸಾಗಿ ಬಿರಿಯುತ್ತದೆ. ಎಣ್ಣೆ ತಗಲಿದ ಬೆಲ್ಟು ಜಾರಿ ಸುಡುತ್ತದೆ. ಗೀರುಬಿದ್ದ ತಟ್ಟೆ ಹೊಸ ಬೆಲ್ಟನ್ನೂ ಅರದಂತೆ ಉಜ್ಜುತ್ತದೆ. ಕಾರಣ ಉಳಿದಿರುವಾಗ ಕಾರ್ಯವೂ ಮರಳಿ ಹುಟ್ಟುವುದು ಸಿದ್ಧ. ಬೆಲ್ಟು ಹರಿದೇ ಹೋಗಿದ್ದಲ್ಲಿ ಅದರ ತುಂಡುಗಳನ್ನೆಲ್ಲ ಆಯ್ದು ಒಟ್ಟುಗೂಡಿಸಬೇಕು. ನೂಲಿನ ಎಳೆಗಳು ದಂಡಕ್ಕೆ ಸುತ್ತಿಕೊಂಡಿರುತ್ತವೆ. ಅವು ಉಳಿದರೆ ಸೀಲನ್ನು ಕೆಡಿಸುತ್ತವೆ.

ಐದನೆಯದಾಗಿ, ಹೊಸ ಬೆಲ್ಟು ಆ ಮಾದರಿಗೆ ಹೇಳಿದ ಸಂಖ್ಯೆಯದೇ ಆಗಿರಬೇಕು. ನೋಟಕ್ಕೆ ಒಂದೇ ತೆರನಾಗಿರುವ ಎರಡು ಬೆಲ್ಟುಗಳ ಅಗಲ, ಉದ್ದ, ಓರೆ ಬೇರೆಯಾಗಿರಬಹುದು. ಕಡಿಮೆ ಬೆಲೆಗೆ ಸಿಗುವ ನಕಲು ಮಾಲಿನಿಂದ ಉಳಿತಾಯವಾಗುವುದಿಲ್ಲ. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗೆ ಇರಬೇಕು. ಬೆಲ್ಟಿಗೂ ತಟ್ಟೆಗಳ ಮುಖಕ್ಕೂ ಗ್ರೀಸಿನ ಸೋಂಕು ಕೂಡದು.

ಆರನೆಯದಾಗಿ, ಕೂರಿಸುವಾಗ ಹಿಂದಿನ ಪುಲ್ಲಿಯ ತಟ್ಟೆಗಳನ್ನು ಅಗಲಿಸಿ ಬೆಲ್ಟನ್ನು ಅಲ್ಲಿ ಆಳಕ್ಕೆ ಇಳಿಸಬೇಕು. ಆಗ ಮುಂದುಗಡೆ ಸಡಿಲು ದೊರೆಯುತ್ತದೆ. ಹೀಗೆ ಮಾಡದಿದ್ದರೆ ಮುಂದಿನ ತಟ್ಟೆಯನ್ನು ಹಾಕುವಾಗ ಬೆಲ್ಟು ನಡುವೆ ಸಿಕ್ಕಿಕೊಳ್ಳುತ್ತದೆ. ನಟ್ಟು ಬಿಗಿಯಾದಂತೆ ಕೈಗೆ ತೋರುತ್ತದೆ, ಆದರೆ ತಟ್ಟೆ ತನ್ನ ನೆಲೆಯಲ್ಲಿ ಕೂತಿರುವುದಿಲ್ಲ. ವಾಹನ ಓಡಿ ಬೆಲ್ಟು ಸರಿದೊಡನೆ ನಟ್ಟು ಸಡಿಲಗೊಂಡು ದಂಡದ ಹಲ್ಲುಗಳೇ ಸವೆದುಹೋಗುತ್ತವೆ. ಬೆಲ್ಟಿನ ಬೆಲೆಯ ಕೆಲಸ ಎಂಜಿನಿನ ಬೆಲೆಯ ಕೆಲಸವಾಗುವುದು ಈ ಒಂದು ಅಜಾಗರೂಕತೆಯಿಂದ. ನಟ್ಟನ್ನು ಕೈಪಿಡಿ ಹೇಳಿದಷ್ಟೇ ಬಲದಿಂದ, ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಅನಂತರ ಪುಲ್ಲಿಯನ್ನು ಕೈಯಿಂದ ತಿರುಗಿಸುತ್ತ ಬೆಲ್ಟು ಹಿಂದುಗಡೆ ಮೇಲಕ್ಕೆ ಏರುವವರೆಗೆ ನೋಡಬೇಕು.

ಕೊನೆಗೆ ಮುಚ್ಚಳ ಹಾಕಿ, ಪ್ಲಗ್ಗಿನ ಟೋಪಿಯನ್ನು ಸೇರಿಸಿ, ಹಿಂದಿನ ಬ್ರೇಕನ್ನು ಹಿಡಿದು ಎಂಜಿನನ್ನು ಚಾಲೂ ಮಾಡಬೇಕು. ಸೀರೆಯ ಸೆರಗು, ಪಂಚೆಯ ಅಂಚು ಹಿಂದಿನ ಚಕ್ರದ ಬಳಿ ಸುಳಿಯಬಾರದು. ಮುಚ್ಚಳವಿಲ್ಲದೆ ಎಂಜಿನನ್ನು ಓಡಿಸಿ ತೋರಿಸುವ ಅಭ್ಯಾಸ ಅಪಾಯಕರ. ಕಿಲೋಮೀಟರಿನ ಅಂಕಿಯನ್ನೂ ದಿನಾಂಕವನ್ನೂ ಬರೆದಿಟ್ಟರೆ ಮುಂದಿನ ಪರೀಕ್ಷೆಗೆ ಅದೇ ಆಧಾರ.

ದಾರಿಯಲ್ಲಿಯೇ ಹರಿದರೆ ಮಾಡತಕ್ಕದ್ದು ಸ್ವಲ್ಪವೇ. ಎಂಜಿನು ಒಮ್ಮೆಲೆ ಗರ್ಜಿಸಿ ವಾಹನ ವೇಗ ಕಳೆದುಕೊಂಡೊಡನೆ ಆಕ್ಸಿಲರೇಟರನ್ನು ಬಿಟ್ಟು, ಹಿಂದೆ ಬರುವವರನ್ನು ಗಮನಿಸಿ, ಎಡಬದಿಗೆ ನಿಲ್ಲಿಸಬೇಕು. ಪುನಃ ಪುನಃ ಚಾಲೂ ಮಾಡಿ ನೋಡಬಾರದು. ಒಳಗಿನ ತುಂಡುಗಳು ಬೇರೆ ಭಾಗಗಳಲ್ಲಿ ಸಿಲುಕಿ ಹಾನಿ ಹೆಚ್ಚುತ್ತದೆ. ಚಕ್ರ ಸಲೀಸಾಗಿ ಉರುಳುತ್ತಿದ್ದರೆ ತಳ್ಳಿಕೊಂಡು ಹೋಗಬಹುದು. ಬಿಗಿದಿದ್ದರೆ ಬಲವಂತ ಮಾಡಬಾರದು.

ಹಲ್ಲಿನ ಬೆಲ್ಟಿನ ಮೋಟಾರು ಸೈಕಲ್ಲುಗಳಿಗೆ ಒಂದೆರಡು ವಿಶೇಷ ವಿಧಿಗಳಿವೆ. ಅಲ್ಲಿ ಬಿಗಿಯ ಅಳತೆ ಮುಖ್ಯ. ಹಾರ್ಲೆ ವಾಹನಗಳಲ್ಲಿ ಸುಮಾರು 4.5 ಕಿಲೋಗ್ರಾಂ ಭಾರದಷ್ಟು ಒತ್ತಿದಾಗ ಬೆಲ್ಟು ಎಷ್ಟು ಬಾಗುತ್ತದೆಂದು ನೋಡಿ ಕೈಪಿಡಿಯ ಅಂಕಿಯೊಡನೆ ಹೋಲಿಸುತ್ತಾರೆ. ಕಳಚಿಹೋದ ಹಲ್ಲು, ಕಲ್ಲು ಚುಚ್ಚಿದ ರಂಧ್ರ ಕಂಡರೆ ಹಾಗೆಯೇ ಓಡಿಸಬಾರದು. ಹೊಸ ಬೆಲ್ಟನ್ನು ಮಡಚುವುದು, ತಿರುಚುವುದು ನಿಷಿದ್ಧ. ಒಳಗಿನ ಎಳೆ ಒಮ್ಮೆ ಮುರಿದರೆ ಹೊರಗೆ ಗುರುತೇ ಕಾಣುವುದಿಲ್ಲ.

ಉಪಸಂಹಾರ

ಹರಿದ ಮೇಲೆ ಬದಲಾಯಿಸುವುದು ನಿರುಪಾಯ. ಅಳೆದು ಬದಲಾಯಿಸುವುದು ವಿವೇಕ. ಕಾರಣವನ್ನು ಹುಡುಕಿ ಬದಲಾಯಿಸುವುದು ವಿದ್ಯೆ. ಈ ಮೂರನೆಯದನ್ನು ಮಕ್ಕಳಿಗೆ ಕಲಿಸುವುದು ಶಾಲೆಯ ಹೊಣೆ. ಅದಕ್ಕೆ ಬೇಕಾದ ಸಾಮಗ್ರಿ ಅಲ್ಪ. ಗ್ಯಾರೇಜಿನಲ್ಲಿ ಮೂಲೆಗೆ ಬಿದ್ದಿರುವ ಸವೆದ ಬೆಲ್ಟೊಂದು, ಅದೇ ಸಂಖ್ಯೆಯ ಹೊಸ ಬೆಲ್ಟೊಂದು, ಚಪ್ಪಟೆಯಾದ ರೋಲರುಗಳು, ಒಂದು ಹಳೆಯ ಪುಲ್ಲಿ, ಒಂದು ವರ್ನಿಯರ್ ಕ್ಯಾಲಿಪರು ಇಷ್ಟಿದ್ದರೆ ಪ್ರೌಢಶಾಲೆಯ ವಿಜ್ಞಾನದ ಕೋಣೆಯಲ್ಲಿ ಘರ್ಷಣೆ, ಬಲ, ತ್ರಿಕೋನಮಿತಿಗಳ ಪಾಠಗಳನ್ನು ಕೈಯಲ್ಲಿ ಹಿಡಿಸಿ ಹೇಳಬಹುದು. ಗ್ಯಾರೇಜು ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳು ಇಂತಹ ವಸ್ತುಗಳನ್ನು ತಮ್ಮ ಶಾಲೆಗೆ ಕೊಟ್ಟು, ವರ್ಷಕ್ಕೊಂದು ದಿನ ಬಂದು ಮಕ್ಕಳ ಮುಂದೆ ಬಿಚ್ಚಿ ಜೋಡಿಸಿ ತೋರಿಸಿದರೆ ಅದು ದೊಡ್ಡ ದಾನವೇ ಸರಿ. ದಾನಿಗಳಾದ ಮಹನೀಯರು ಟಾರ್ಕ್ ರೆಂಚೊಂದನ್ನು ಒದಗಿಸಿದರೆ ಪಾಠ ಪೂರ್ಣವಾಗುತ್ತದೆ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿಜ್ಞಾಪನೆ. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ತಮ್ಮ ವಾಹನದ ಕಿಲೋಮೀಟರಿನ ಅಂಕಿಯನ್ನು ಒಮ್ಮೆ ನೋಡಬೇಕು. ಬೆಲ್ಟು ಬದಲಾಯಿಸಿದ ದಿನ ನೆನಪಿಗೆ ಬಾರದಿದ್ದರೆ ಈ ವಾರವೇ ಮುಚ್ಚಳವನ್ನು ತೆಗೆಸಿ ಅಳೆಸಬೇಕು.